ವೈದ್ಯಕೀಯ ಪ್ರತಿಷ್ಠಾನಕ್ಕಾಗಿ ಆನ್‌ಲೈನ್ ಕಲಾ ಹರಾಜು: ಸಿದ್ಧತೆಯಿಂದ ಲೆಕ್ಕಪತ್ರದವರೆಗೆ

ರೋಗಿಗಳ ಚಿಕಿತ್ಸೆಗೆ ನೆರವಾಗುವ, ಸಂಶೋಧನೆಗೆ ಹಣ ಒದಗಿಸುವ ಅಥವಾ ಆಸ್ಪತ್ರೆಗಳಿಗೆ ಉಪಕರಣ ಕೊಡಿಸುವ ಪ್ರತಿಷ್ಠಾನವೊಂದು ಕಲಾಕೃತಿಗಳನ್ನು ಆನ್‌ಲೈನ್‌ನಲ್ಲಿ ಹರಾಜು ಹಾಕಲು ನಿರ್ಧರಿಸಿದಾಗ, ಮೊದಲ ಸಭೆಯಲ್ಲೇ ಏಳುವುದು ಯಾವ ತಂತ್ರಾಂಶ ಬಳಸಬೇಕೆಂಬ ಪ್ರಶ್ನೆ. ಇರುವ ಪ್ರಶ್ನೆಗಳಲ್ಲೆಲ್ಲ ಸುಲಭವಾದದ್ದು ಇದೇ. ಬಿಡ್ ಸ್ವೀಕರಿಸುವ, ಹಣ ಪಡೆಯುವ, ರಸೀದಿ ಕಳುಹಿಸುವ ಸಿದ್ಧ ವ್ಯವಸ್ಥೆಗಳು ಬೇಕಾದಷ್ಟಿವೆ. ಹರಾಜು ಎಡವುವುದು ಬೇರೆ ಕಡೆ: ಕಲಾವಿದರ ಜೊತೆಗಿನ ಒಪ್ಪಂದವನ್ನು ಬಾಯಿಮಾತಿನಲ್ಲೇ ಮುಗಿಸಿದ ಕಡೆ, ಚಿತ್ರದ ಮೂಲೆಯಲ್ಲಿದ್ದ ಕೊಳೆಯ ಗುರುತನ್ನು ಕ್ಯಾಟಲಾಗಿನಲ್ಲಿ ಬರೆಯದೆ ಬಿಟ್ಟ ಕಡೆ, ಸಾಗಣೆಯ ಖರ್ಚು ಯಾರದೆಂದು ಗೆದ್ದವರಿಗೆ ಆಮೇಲೆ ತಿಳಿಸಿದ ಕಡೆ. ಆದ್ದರಿಂದ ಈ ಬರಹದಲ್ಲಿ ಬಿಡ್ ಆರಂಭವಾಗುವ ಮುನ್ನ ಆಗಬೇಕಾದ ಕೆಲಸಗಳಿಗೇ ಹೆಚ್ಚಿನ ಜಾಗ ಮೀಸಲಾಗಿದೆ.

ನಲವತ್ತು ಐವತ್ತು ಕೃತಿಗಳ ಹರಾಜಿಗೆ ಮೂರರಿಂದ ನಾಲ್ಕು ತಿಂಗಳ ಸಿದ್ಧತೆ ಬೇಕು. ಅದರಲ್ಲಿ ಬಿಡ್ ನಡೆಯುವುದು ಒಂದು ವಾರ ಅಥವಾ ಹತ್ತು ದಿನ ಮಾತ್ರ. ಇದಕ್ಕಿಂತ ಕಡಿಮೆ ಸಮಯವಿದ್ದರೆ ಕೃತಿಗಳ ಸಂಖ್ಯೆಯನ್ನು ಇಳಿಸುವುದು ಒಳ್ಳೆಯದು. ಸಿದ್ಧತೆಯ ಹಂತಗಳನ್ನು ಇಳಿಸಬಾರದು.

ಉದ್ದೇಶ ಮತ್ತು ಹಣದ ಹಾದಿ

ಸಂಗ್ರಹವಾಗುವ ಹಣ ಯಾವುದಕ್ಕೆ ಬಳಕೆಯಾಗುತ್ತದೆ ಎಂಬುದನ್ನು ಒಂದೇ ವಾಕ್ಯದಲ್ಲಿ, ಆಡಳಿತ ಮಂಡಳಿಯ ಒಪ್ಪಿಗೆ ಪಡೆದು, ಎಲ್ಲಕ್ಕಿಂತ ಮೊದಲು ಬರೆದಿಡಬೇಕು. 'ಆರೋಗ್ಯ ಸೇವೆಗಾಗಿ' ಎಂಬ ಸಡಿಲ ಮಾತು ಯಾರ ಮನಸ್ಸನ್ನೂ ತಟ್ಟುವುದಿಲ್ಲ. 'ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ ಒಂದು ವೆಂಟಿಲೇಟರ್' ಎಂಬ ಮಾತು ಮನಸ್ಸನ್ನು ತಟ್ಟುತ್ತದೆ, ಆದರೆ ಅದು ಪ್ರತಿಷ್ಠಾನದ ಕೈಕಟ್ಟುತ್ತದೆ ಕೂಡ. ನಿರ್ದಿಷ್ಟ ಉದ್ದೇಶ ಹೇಳಿ ಪಡೆದ ಹಣವನ್ನು ಬೇರೆ ಕೆಲಸಕ್ಕೆ ತಿರುಗಿಸುವುದಕ್ಕೆ ಬಹುತೇಕ ದೇಶಗಳ ದತ್ತಿ ಕಾನೂನು ಅವಕಾಶ ಕೊಡುವುದಿಲ್ಲ, ಕೊಟ್ಟರೂ ದಾನಿಗಳು ಒಪ್ಪುವುದಿಲ್ಲ. ಹೀಗಾಗಿ ಉದ್ದೇಶದ ವಾಕ್ಯದ ಕೆಳಗೆ ಇನ್ನೊಂದು ವಾಕ್ಯವೂ ಇರಬೇಕು: ಗುರಿಗಿಂತ ಹೆಚ್ಚು ಹಣ ಬಂದರೆ ಉಳಿಕೆ ಎಲ್ಲಿಗೆ ಹೋಗುತ್ತದೆ, ಉಪಕರಣ ಕೊಳ್ಳುವಷ್ಟು ಬಾರದಿದ್ದರೆ ಬಂದಷ್ಟನ್ನು ಏನು ಮಾಡಲಾಗುತ್ತದೆ. ಈ ಎರಡನೆಯ ವಾಕ್ಯವನ್ನು ಹರಾಜು ಮುಗಿದ ಮೇಲೆ ಸೇರಿಸಲು ಹೋದರೆ ಅದು ಸಮಜಾಯಿಷಿಯಂತೆ ಕೇಳಿಸುತ್ತದೆ.

ಮಾರಾಟದ ಬಗೆಯನ್ನೂ ಇದೇ ಹಂತದಲ್ಲಿ ತೀರ್ಮಾನಿಸಬೇಕು, ಏಕೆಂದರೆ ಹರಾಜು, ಲಾಟರಿ, ನಿಗದಿತ ಬೆಲೆಯ ಮಾರಾಟ ಈ ಮೂರಕ್ಕೂ ಕಾನೂನಿನ ಕಣ್ಣಿನಲ್ಲಿ ಬೇರೆ ಬೇರೆ ಸ್ಥಾನವಿದೆ. 1750ರಲ್ಲಿ ಇಂಗ್ಲೆಂಡಿನ ಚಿತ್ರಕಾರ ವಿಲಿಯಂ ಹೊಗಾರ್ತ್ ತನ್ನ ದೊಡ್ಡ ಚಿತ್ರವೊಂದನ್ನು ಲಾಟರಿಗಿಟ್ಟು, ಮಾರಾಟವಾಗದೆ ಉಳಿದ ಟಿಕೆಟ್‌ಗಳನ್ನು ಲಂಡನ್ನಿನ ಫೌಂಡ್ಲಿಂಗ್ ಹಾಸ್ಪಿಟಲಿಗೆ ಕೊಟ್ಟುಬಿಟ್ಟ. ಚಿತ್ರ ಬಂದದ್ದು ಆ ಟಿಕೆಟ್‌ಗಳಲ್ಲೊಂದಕ್ಕೇ. (ಹೆಸರಿನಲ್ಲಿ ಹಾಸ್ಪಿಟಲ್ ಎಂದಿದ್ದರೂ ಅದು ತೊರೆದ ಮಕ್ಕಳನ್ನು ಸಾಕುವ ಸಂಸ್ಥೆಯಾಗಿತ್ತು.) ಇಂದು ಅದೇ ಕೆಲಸಕ್ಕೆ ಅನೇಕ ಕಡೆ ಮುಂಚಿತ ಪರವಾನಗಿ ಬೇಕಾಗುತ್ತದೆ, ಕೆಲವು ಕಡೆ ಅದು ನಿಷಿದ್ಧವೇ ಆಗಿರುತ್ತದೆ. ಬಿಡ್ ಮಾಡಿದವರಿಗೆಲ್ಲ ಅದೃಷ್ಟ ಚೀಟಿಯಲ್ಲಿ ಒಂದು ಕೃತಿ ಎಂಬಂತಹ ಆಮಿಷವನ್ನು ಸೇರಿಸಿದರೂ ಹರಾಜು ಲಾಟರಿಯ ವ್ಯಾಪ್ತಿಗೆ ಬಂದುಬಿಡಬಹುದು. ಇನ್ನು ನಿಗದಿತ ಬೆಲೆಯ ಮಾರಾಟವೂ ಕೀಳಲ್ಲ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ 1994ರಲ್ಲಿ ಆರಂಭಿಸಿದ ಅಂಚೆಕಾರ್ಡ್ ಮಾರಾಟದಲ್ಲಿ ಪ್ರಸಿದ್ಧರೂ ವಿದ್ಯಾರ್ಥಿಗಳೂ ಒಂದೇ ಅಳತೆಯ ಕಾರ್ಡಿನ ಮೇಲೆ ಚಿತ್ರ ಬರೆದು ಹಿಂಬದಿಗೆ ಸಹಿ ಹಾಕುತ್ತಿದ್ದರು. ಬೆಲೆ ಎಲ್ಲಕ್ಕೂ ಒಂದೇ, ಕಲಾವಿದ ಯಾರೆಂದು ತಿಳಿಯುತ್ತಿದ್ದುದು ಕೊಂಡ ಮೇಲೆ. ಚಿಕ್ಕ ಕೃತಿಗಳು ಹೆಚ್ಚಿದ್ದು ಹೆಸರಾಂತರು ಕಡಿಮೆಯಿದ್ದರೆ ಹರಾಜಿಗಿಂತ ಇಂತಹ ವಿಧಾನವೇ ಮೇಲು ಎಂಬುದು ನನ್ನ ಅಭಿಪ್ರಾಯ.

ಹಣ ನೇರವಾಗಿ ಪ್ರತಿಷ್ಠಾನದ ಖಾತೆಗೇ ಬರಬೇಕು. ಸಂಘಟಕರ ವೈಯಕ್ತಿಕ ಖಾತೆಗೆ ಬಂದು, ನಂತರ ಒಟ್ಟಾಗಿ ವರ್ಗಾವಣೆಯಾಗುವ ಏರ್ಪಾಡು ಎಷ್ಟೇ ಪ್ರಾಮಾಣಿಕವಾಗಿದ್ದರೂ ಲೆಕ್ಕಪರಿಶೋಧಕರ ಮುಂದೆ ಅದನ್ನು ಸಮರ್ಥಿಸುವುದು ಕಷ್ಟ.

ಕಲಾವಿದರನ್ನು ಕೇಳುವ ಬಗೆ

ಸಹಾಯಾರ್ಥ ಹರಾಜುಗಳಲ್ಲಿ ಆನ್‌ಲೈನ್ ವೇದಿಕೆ ಒದಗಿಸುವವರಿಗೆ ಶುಲ್ಕ ಸಿಗುತ್ತದೆ, ಸಾಗಣೆದಾರರಿಗೆ ಬಾಡಿಗೆ ಸಿಗುತ್ತದೆ, ಮುದ್ರಕರಿಗೆ ಬಿಲ್ಲು ಪಾವತಿಯಾಗುತ್ತದೆ; ಎಲ್ಲವನ್ನೂ ಬಿಟ್ಟುಕೊಡಬೇಕೆಂದು ನಿರೀಕ್ಷಿಸುವುದು ಕಲಾವಿದರಿಂದ ಮಾತ್ರ. ಒಳ್ಳೆಯ ಕಲಾವಿದರಿಗೆ ವರ್ಷಕ್ಕೆ ಇಂತಹ ಹಲವು ಕೋರಿಕೆಗಳು ಬರುತ್ತವೆ ಎಂಬುದನ್ನೂ, ಕೃತಿ ಕೊಟ್ಟದ್ದಕ್ಕೆ ಅವರಿಗೆ ಸಿಗುವ ತೆರಿಗೆ ವಿನಾಯಿತಿ ಅನೇಕ ವೇಳೆ ನಗಣ್ಯ ಎಂಬುದನ್ನೂ ಸಂಘಟಕರು ತಿಳಿದಿರಬೇಕು. ಉದಾಹರಣೆಗೆ ಅಮೆರಿಕದ ತೆರಿಗೆ ನಿಯಮದಲ್ಲಿ, ಸಂಗ್ರಾಹಕನೊಬ್ಬ ತನ್ನ ಬಳಿಯ ಚಿತ್ರವನ್ನು ಸಂಗ್ರಹಾಲಯಕ್ಕೆ ದಾನ ಕೊಟ್ಟರೆ ಅದರ ಮಾರುಕಟ್ಟೆ ಬೆಲೆಯ ಆಧಾರದ ಮೇಲೆ ವಿನಾಯಿತಿ ಕೇಳಬಹುದಾದ ಸಂದರ್ಭಗಳಿವೆ. ಅದೇ ಚಿತ್ರವನ್ನು ಬರೆದವನೇ ದಾನ ಕೊಟ್ಟರೆ ಲೆಕ್ಕಕ್ಕೆ ಬರುವುದು ಬಣ್ಣ, ಕ್ಯಾನ್ವಾಸುಗಳ ಖರ್ಚು ಮಾತ್ರ.

ಆದಕಾರಣ ಕೋರಿಕೆಯ ಪತ್ರದಲ್ಲೇ ಆಯ್ಕೆಗಳನ್ನು ಮುಂದಿಡುವುದು ಸೌಜನ್ಯವೂ ಹೌದು, ಜಾಣತನವೂ ಹೌದು. ಪೂರ್ತಿ ಮೊತ್ತವನ್ನು ಪ್ರತಿಷ್ಠಾನಕ್ಕೆ ಬಿಡುವುದು, ಅರ್ಧ ಮೊತ್ತವನ್ನು ತಾವು ಪಡೆಯುವುದು, ಅಥವಾ ಚೌಕಟ್ಟು ಮತ್ತು ಸಾಮಗ್ರಿಯ ವೆಚ್ಚವನ್ನಷ್ಟೇ ಪಡೆಯುವುದು ಎಂಬ ಮೂರು ಆಯ್ಕೆಗಳಿದ್ದರೆ, ಮನೆಯ ಮೂಲೆಯಲ್ಲಿ ಮಾರಾಟವಾಗದೆ ಉಳಿದ ಕೃತಿಯ ಬದಲು ತಮ್ಮ ಒಳ್ಳೆಯ ಕೃತಿಯನ್ನು ಕಳುಹಿಸಲು ಕಲಾವಿದರಿಗೆ ಮನಸ್ಸು ಬರುತ್ತದೆ. ಪಾಲು ಪಡೆದ ಕಲಾವಿದರ ಹೆಸರಿನ ಮುಂದೆ ಕ್ಯಾಟಲಾಗಿನಲ್ಲಿ ಅದನ್ನು ನಮೂದಿಸಬೇಕು. ಇದರಿಂದ ಯಾರಿಗೂ ಅವಮಾನವಿಲ್ಲ, ಮುಚ್ಚಿಟ್ಟದ್ದು ಆಮೇಲೆ ತಿಳಿದರೆ ಮಾತ್ರ ಅವಮಾನ.

ಒಪ್ಪಂದ ಎರಡು ಪುಟದೊಳಗಿದ್ದರೆ ಸಾಕು, ಆದರೆ ಬರಹದಲ್ಲಿ ಇರಲೇಬೇಕು. ಕೃತಿಯ ಮಾಲೀಕತ್ವ ಯಾವಾಗ ಬದಲಾಗುತ್ತದೆ, ಕೃತಿ ಸಂಘಟಕರ ವಶದಲ್ಲಿರುವಾಗ ವಿಮೆ ಯಾರದು, ಯಾವ ಬೆಲೆಗಿಂತ ಕೆಳಗೆ ಅದನ್ನು ಮಾರುವಂತಿಲ್ಲ, ಮಾರಾಟವಾಗದಿದ್ದರೆ ಯಾರ ಖರ್ಚಿನಲ್ಲಿ ಎಷ್ಟು ದಿನದೊಳಗೆ ಹಿಂದಿರುಗುತ್ತದೆ, ಕಲಾವಿದರ ಪಾಲು ಯಾವ ದಿನಾಂಕದೊಳಗೆ ಪಾವತಿಯಾಗುತ್ತದೆ ಎಂಬುದೆಲ್ಲ ಅದರಲ್ಲಿ ಸ್ಪಷ್ಟವಾಗಿರಬೇಕು. ಹಕ್ಕುಸ್ವಾಮ್ಯದ ವಿಷಯವನ್ನು ಪ್ರತ್ಯೇಕವಾಗಿಯೇ ಬರೆಯಬೇಕು. ಚಿತ್ರವನ್ನು ಕೊಂಡವರಿಗೆ ಆ ವಸ್ತು ಸೇರುತ್ತದೆ. ಅದನ್ನು ಮುದ್ರಿಸುವ, ಕ್ಯಾಲೆಂಡರ್ ಮಾಡುವ, ಬಟ್ಟೆಯ ಮೇಲೆ ಅಚ್ಚು ಹಾಕುವ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ಕಲಾವಿದರ ಬಳಿಯೇ ಉಳಿಯುತ್ತದೆ. ಪ್ರತಿಷ್ಠಾನ ಕೂಡ ಕೃತಿಯ ಛಾಯಾಚಿತ್ರವನ್ನು ಹರಾಜಿನ ಪ್ರಚಾರಕ್ಕೆ, ವಾರ್ಷಿಕ ವರದಿಗೆ ಬಳಸಲು ಅನುಮತಿ ಪಡೆದಿರಬೇಕು. ಇದು ಬಹಳ ಕಡೆ ಮರೆತುಹೋಗುವ ಸಂಗತಿ.

ರೋಗಿಗಳು ಬರೆದ ಚಿತ್ರಗಳನ್ನು ಹರಾಜಿಗಿಡುವ ಯೋಚನೆಯಿದ್ದರೆ ಇನ್ನಷ್ಟು ಎಚ್ಚರ ಬೇಕು. ಚಿಕಿತ್ಸೆಯ ಭಾಗವಾಗಿ ಬರೆದ ಚಿತ್ರ ಆ ವ್ಯಕ್ತಿಯದ್ದೇ ಹೊರತು ಆಸ್ಪತ್ರೆಯದ್ದಲ್ಲ. ಚಿಕಿತ್ಸೆ ನೀಡುತ್ತಿರುವ ವೈದ್ಯರೇ ಒಪ್ಪಿಗೆ ಕೇಳಿದರೆ ರೋಗಿಗೆ ಇಲ್ಲ ಎನ್ನುವುದು ಕಷ್ಟ. ಹಾಗಾಗಿ ಚಿಕಿತ್ಸೆಗೆ ಸಂಬಂಧಪಡದವರು ಕೇಳಬೇಕು, ಒಪ್ಪದಿದ್ದರೆ ಚಿಕಿತ್ಸೆಯಲ್ಲಿ ಏನೂ ವ್ಯತ್ಯಾಸವಾಗದೆಂದು ತಿಳಿಸಬೇಕು, ಮಕ್ಕಳಾದರೆ ಪೋಷಕರ ಸಹಿಯ ಜೊತೆಗೆ ಮಗುವಿನ ಇಷ್ಟವನ್ನೂ ಕೇಳಬೇಕು. ಹೆಸರನ್ನಾಗಲಿ ಕಾಯಿಲೆಯನ್ನಾಗಲಿ ಪ್ರಕಟಿಸದೆಯೂ ಚಿತ್ರವನ್ನು ಮಾರಬಹುದು.

ಕ್ಯಾಟಲಾಗು

ಆನ್‌ಲೈನ್ ಹರಾಜಿನಲ್ಲಿ ಕೊಳ್ಳುವವರು ಕೃತಿಯನ್ನು ಕಣ್ಣಾರೆ ನೋಡುವುದಿಲ್ಲ, ಮುಟ್ಟುವುದಿಲ್ಲ, ಅದರ ಮುಂದೆ ನಿಂತು ಹಿಂದೆ ಸರಿದು ಅಂದಾಜು ಮಾಡುವುದಿಲ್ಲ. ಅವರ ಪಾಲಿಗೆ ಛಾಯಾಚಿತ್ರ ಮತ್ತು ಹತ್ತು ಸಾಲಿನ ವಿವರಣೆಯೇ ಕೃತಿ. ಹೀಗಾಗಿ ಹಣ ಖರ್ಚು ಮಾಡುವ ಅವಕಾಶ ಒಂದೇ ಕಡೆ ಇದ್ದರೆ ಅದನ್ನು ಛಾಯಾಚಿತ್ರಕ್ಕೆ ಖರ್ಚು ಮಾಡಬೇಕೆಂದು ನಾನು ಹೇಳುತ್ತೇನೆ.

ಚಿತ್ರವನ್ನು ಗೋಡೆಗೆ ಸಮಾನಾಂತರವಾಗಿ ನಿಲ್ಲಿಸಿ, ಕ್ಯಾಮೆರಾದ ಕೇಂದ್ರವೂ ಚಿತ್ರದ ಕೇಂದ್ರವೂ ಒಂದೇ ಎತ್ತರದಲ್ಲಿರುವಂತೆ ನೋಡಿಕೊಂಡು, ಎರಡೂ ಪಕ್ಕಗಳಿಂದ ಸುಮಾರು 45 ಡಿಗ್ರಿ ಕೋನದಲ್ಲಿ ಒಂದೇ ಬಗೆಯ ದೀಪಗಳನ್ನು ಇಡಬೇಕು. ಒಂದು ಪಕ್ಕ ಕಿಟಕಿಯ ಬೆಳಕು, ಇನ್ನೊಂದು ಪಕ್ಕ ಬಲ್ಬಿನ ಬೆಳಕು ಬಿದ್ದರೆ ಬಿಳಿ ಬಣ್ಣ ಎಲ್ಲಿಯೂ ಬಿಳಿಯಾಗಿ ಕಾಣುವುದಿಲ್ಲ. ಮೊದಲ ಚಿತ್ರದಲ್ಲಿ ಬೂದು ಬಣ್ಣದ ಕಾರ್ಡನ್ನು ಸೇರಿಸಿ ತೆಗೆದರೆ ಬಣ್ಣ ಸರಿಪಡಿಸಲು ಒಂದು ಅಳತೆಗೋಲು ಸಿಗುತ್ತದೆ. ಗಾಜು ಹಾಕಿದ ಕೃತಿಯಾದರೆ ಸಾಧ್ಯವಿದ್ದಲ್ಲಿ ಗಾಜು ತೆಗೆಸಿ ಚಿತ್ರ ತೆಗೆಯಬೇಕು. ಆಗದಿದ್ದರೆ ಕ್ಯಾಮೆರಾದ ಹಿಂದೆ ಕಪ್ಪು ಬಟ್ಟೆ ಕಟ್ಟಿದರೆ ಪ್ರತಿಬಿಂಬ ಬಹಳಷ್ಟು ಕಡಿಮೆಯಾಗುತ್ತದೆ. ಅಂತಿಮ ಚಿತ್ರವನ್ನು ಎಸ್‌ಆರ್‌ಜಿಬಿ (sRGB) ಎಂಬ, ಪರದೆಗಳಿಗೆ ಸಾಮಾನ್ಯವಾಗಿ ಬಳಸುವ ಬಣ್ಣವ್ಯಾಪ್ತಿಯಲ್ಲಿ ಉಳಿಸಿದರೆ ಬೇರೆ ಬೇರೆ ಪರದೆಗಳಲ್ಲಿ ಬಣ್ಣದ ವ್ಯತ್ಯಾಸ ಕಡಿಮೆಯಾಗಿ ಕಾಣುತ್ತದೆ. ಕೃತಿಯನ್ನು ಹೆಚ್ಚು ಆಕರ್ಷಕವಾಗಿಸಲು ಬಣ್ಣವನ್ನು ಗಾಢಗೊಳಿಸುವುದು ಮಾತ್ರ ಕೂಡದು; ಪೆಟ್ಟಿಗೆ ತೆರೆದ ಕ್ಷಣದಲ್ಲಿ ಆ ಮೋಸ ಬಯಲಾಗುತ್ತದೆ.

ಮುಂಭಾಗದ ಒಂದು ಚಿತ್ರ ಸಾಲದು. ಸಹಿ, ಹಿಂಬದಿ, ಅಂಚುಗಳು, ಚೌಕಟ್ಟು, ಬಣ್ಣದ ಪದರ ಎದ್ದು ಕಾಣುವಂತೆ ಓರೆ ಬೆಳಕಿನಲ್ಲಿ ತೆಗೆದ ಒಂದು ಸಮೀಪ ಚಿತ್ರ, ಹಾಗೂ ಅಳತೆಯ ಅಂದಾಜು ಸಿಗುವಂತೆ ಕುರ್ಚಿಯ ಪಕ್ಕದಲ್ಲೋ ಮೇಜಿನ ಮೇಲೋ ಇಟ್ಟು ತೆಗೆದ ಇನ್ನೊಂದು ಚಿತ್ರ ಇರಬೇಕು. ಈ ಕೊನೆಯದನ್ನು ಅನೇಕರು ಬಿಟ್ಟುಬಿಡುತ್ತಾರೆ. ಪರದೆಯ ಮೇಲೆ ಅಂಗೈಯಗಲದ ಚಿತ್ರವೂ ಗೋಡೆಯಗಲದ ಚಿತ್ರವೂ ಒಂದೇ ಗಾತ್ರದಲ್ಲಿ ಕಾಣುವುದರಿಂದ, ಹರಾಜಿನ ನಂತರ ಬರುವ ದೂರುಗಳಲ್ಲಿ 'ಇಷ್ಟು ಚಿಕ್ಕದೆಂದು ಗೊತ್ತಿರಲಿಲ್ಲ' ಎನ್ನುವುದು ಅತಿ ಸಾಮಾನ್ಯ.

ವಿವರಣೆಯಲ್ಲಿ ಕಲಾವಿದರ ಹೆಸರು, ಶೀರ್ಷಿಕೆ, ವರ್ಷ, ಮಾಧ್ಯಮ ಮತ್ತು ಅಳತೆ ಇರಬೇಕು. ಅಳತೆಯಲ್ಲಿ ಎತ್ತರ ಮೊದಲು, ಅಗಲ ನಂತರ, ಶಿಲ್ಪವಾದರೆ ಆಳ ಕೊನೆಗೆ ಎಂಬುದು ಕಲಾಲೋಕದ ರೂಢಿ. ಚೌಕಟ್ಟು ಸೇರಿದ ಅಳತೆಯನ್ನು ಬೇರೆಯಾಗಿ ಕೊಡಬೇಕು. ಮಾಧ್ಯಮವನ್ನು 'ಪೇಂಟಿಂಗ್' ಎಂದು ಮುಗಿಸದೆ 'ಕ್ಯಾನ್ವಾಸಿನ ಮೇಲೆ ತೈಲವರ್ಣ', 'ಕಾಗದದ ಮೇಲೆ ಜಲವರ್ಣ' ಎಂದು ಬರೆಯಬೇಕು. ಎಚಿಂಗ್, ಲಿನೋಕಟ್‌ಗಳಂತಹ, ಅಚ್ಚಿನಿಂದ ಪ್ರತಿ ತೆಗೆಯುವ ಕೃತಿಗಳಲ್ಲಿ 7/50 ಎಂದಿದ್ದರೆ ಅದು ಐವತ್ತು ಪ್ರತಿಗಳಲ್ಲಿ ಏಳನೆಯ ಸಂಖ್ಯೆಯದು ಎಂದರ್ಥ. ಕಲಾವಿದರೇ ಅಚ್ಚು ತೆಗೆದ ಪ್ರತಿಗೂ, ಚಿತ್ರವೊಂದನ್ನು ಸ್ಕ್ಯಾನ್ ಮಾಡಿ ಇಂಕ್‌ಜೆಟ್ ಯಂತ್ರದಲ್ಲಿ ಮುದ್ರಿಸಿದ ಪ್ರತಿಗೂ ಬೆಲೆಯಲ್ಲಿ ಬಹಳ ಅಂತರವಿರುವುದರಿಂದ ಎರಡನ್ನೂ 'ಪ್ರಿಂಟ್' ಎಂಬ ಒಂದೇ ಹೆಸರಿನಿಂದ ಕರೆಯುವುದು ತಪ್ಪು ದಾರಿಗೆಳೆದಂತೆಯೇ. ಸ್ಥಿತಿಯ ವಿವರದಲ್ಲಿ ಬಿರುಕು, ಕಲೆ, ಕಾಗದದ ಸುಕ್ಕು, ಹಿಂದೆ ನಡೆದ ದುರಸ್ತಿ ಎಲ್ಲವನ್ನೂ ನೇರವಾಗಿ ಹೇಳಬೇಕು. ಸಂಗ್ರಾಹಕರಿಂದ ಬಂದ ಹಳೆಯ ಕೃತಿಯಾದರೆ ಅದು ಯಾರ ಕೈಯಿಂದ ಯಾರ ಕೈಗೆ ಬಂತೆಂಬ ದಾಖಲೆ ಬೇಕು. ದಾಖಲೆಯಿಲ್ಲದ, ದೊಡ್ಡ ಹೆಸರಿನ ಕೃತಿಯನ್ನು ವಿನಯದಿಂದ ನಿರಾಕರಿಸುವುದೇ ಲೇಸು. ದಂತ, ಆಮೆಚಿಪ್ಪು, ಕೆಲವು ಬಗೆಯ ಮರಗಳನ್ನು ಬಳಸಿದ ವಸ್ತುಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ (CITES) ಒಪ್ಪಂದದ ನಿರ್ಬಂಧಗಳಿವೆ ಎಂಬುದನ್ನೂ ಮರೆಯಬಾರದು.

ಆರಂಭಿಕ ಬೆಲೆ

ಪ್ರತಿಯೊಂದು ಕೃತಿಗೂ ಮೂರು ಅಂಕಿಗಳನ್ನು ನಿರ್ಧರಿಸಬೇಕು: ಅಂದಾಜು ಮೌಲ್ಯ, ಆರಂಭಿಕ ಬೆಲೆ, ಮತ್ತು ಯಾವುದಕ್ಕಿಂತ ಕೆಳಗೆ ಮಾರಾಟವಾಗಕೂಡದೋ ಆ ಕನಿಷ್ಠ ಬೆಲೆ. ಅಂದಾಜು ಮೌಲ್ಯವು ಕಲಾವಿದರ ಇದೇ ಅಳತೆಯ, ಇದೇ ಮಾಧ್ಯಮದ ಕೃತಿಗಳು ಇತ್ತೀಚೆಗೆ ನಿಜವಾಗಿ ಮಾರಾಟವಾದ ಬೆಲೆಯನ್ನು ಆಧರಿಸಿರಬೇಕು. ಗ್ಯಾಲರಿಯಲ್ಲಿ ಕೇಳುತ್ತಿರುವ ಬೆಲೆ ಅಷ್ಟು ವಿಶ್ವಾಸಾರ್ಹವಲ್ಲ. ಆರಂಭಿಕ ಬೆಲೆಯನ್ನು ಅಂದಾಜಿನ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಇಡುವುದು ಸಾಮಾನ್ಯ ಪದ್ಧತಿ. ತೀರಾ ಕೆಳಗಿಟ್ಟರೆ ಹೆಚ್ಚು ಜನ ಬಿಡ್ ಮಾಡುತ್ತಾರೆ ಎಂಬುದು ನಿಜವಾದರೂ, ಒಬ್ಬರೇ ಬಿಡ್ ಮಾಡಿದ ಕೃತಿ ಅದೇ ಬೆಲೆಗೆ ಹೋಗಿಬಿಡುವ ಅಪಾಯವೂ ಇದೆ. ಆ ಅಪಾಯದ ಭಾರವನ್ನು ಹೊರುವುದು ಕಲಾವಿದರು. ಸಾರ್ವಜನಿಕ ಹರಾಜಿನಲ್ಲಿ ಅವರ ಕೃತಿ ಅರ್ಧ ಬೆಲೆಗೆ ಹೋದದ್ದು ಅಂತರ್ಜಾಲದಲ್ಲಿ ದಾಖಲಾಗಿ ಉಳಿಯುತ್ತದೆ, ಮುಂದಿನ ಗ್ರಾಹಕರು ಚೌಕಾಸಿ ಮಾಡುವಾಗ ಅದನ್ನೇ ತೋರಿಸುತ್ತಾರೆ. ಕನಿಷ್ಠ ಬೆಲೆಯನ್ನು ಕಲಾವಿದರೊಂದಿಗೆ ಕುಳಿತು ಗೊತ್ತುಪಡಿಸಬೇಕೆಂದು ಮೇಲೆ ಒಪ್ಪಂದದ ಮಾತಿನಲ್ಲಿ ಹೇಳಿದ್ದು ಇದಕ್ಕಾಗಿಯೇ. ಹರಾಜು ಮುಗಿದ ಮೇಲೆ ಅಂತಿಮ ಬೆಲೆಗಳನ್ನು ಪುಟದಿಂದ ತೆಗೆದುಹಾಕುವುದಾಗಿ ಮಾತು ಕೊಟ್ಟರೆ ಹಿಂಜರಿಯುವ ಕಲಾವಿದರೂ ಒಪ್ಪುವುದುಂಟು.

ಅಂದಾಜು ಮೌಲ್ಯವನ್ನು ಬಿಡ್ ಆರಂಭವಾಗುವ ಮೊದಲೇ ಪ್ರಕಟಿಸುವುದಕ್ಕೆ ತೆರಿಗೆಯ ಕಾರಣವೂ ಇದೆ. ಕೃತಿಯನ್ನು ಕೊಂಡವರು ಕೊಟ್ಟ ಹಣವೆಲ್ಲವೂ ದಾನವಲ್ಲ, ಅವರ ಕೈಗೆ ಒಂದು ವಸ್ತು ಬಂದಿದೆ. ಅಮೆರಿಕದಂತಹ ದೇಶಗಳಲ್ಲಿ ಕೃತಿಯ ನ್ಯಾಯವಾದ ಮಾರುಕಟ್ಟೆ ಬೆಲೆಗಿಂತ ಹೆಚ್ಚಾಗಿ ಕೊಟ್ಟ ಭಾಗ ಮಾತ್ರ ದಾನವೆನಿಸುತ್ತದೆ. ಮೌಲ್ಯ ಮೊದಲೇ ಪ್ರಕಟವಾಗಿದ್ದರೆ ಆ ವ್ಯತ್ಯಾಸವನ್ನು ತೋರಿಸುವುದು ಸುಲಭ. ಹೀಗಿರುವಾಗ 'ನಿಮ್ಮ ಬಿಡ್‌ಗೆ ಪೂರ್ಣ ತೆರಿಗೆ ವಿನಾಯಿತಿ' ಎಂಬ ಪ್ರಚಾರದ ಸಾಲನ್ನು ತೆರಿಗೆ ಸಲಹೆಗಾರರಿಗೆ ತೋರಿಸದೆ ಪ್ರಕಟಿಸಬಾರದು.

ಇನ್ನೊಂದು ಅಂಕಿ, ಕಮಿಷನ್. ಹರಾಜು ಸಂಸ್ಥೆಗಳು ಅಂತಿಮ ಬಿಡ್‌ನ ಮೇಲೆ ಕೊಳ್ಳುವವರಿಂದ ಬೇರೆಯಾಗಿ ಶುಲ್ಕ ಪಡೆಯುತ್ತವೆ. ಕೋವಿಡ್ ಕಾಲದಲ್ಲಿ, 2020ರ ಮೇ ತಿಂಗಳಲ್ಲಿ, ಬ್ಯಾಂಕ್ಸಿ ಎಂಬ ಗುಪ್ತನಾಮದ ಕಲಾವಿದ ಇಂಗ್ಲೆಂಡಿನ ಸೌತಾಂಪ್ಟನ್ ಜನರಲ್ ಆಸ್ಪತ್ರೆಗೆ ಕೊಟ್ಟ ಚಿತ್ರದಲ್ಲಿ ಹುಡುಗನೊಬ್ಬ ಸೂಪರ್‌ಹೀರೋ ಗೊಂಬೆಗಳನ್ನು ಬುಟ್ಟಿಯಲ್ಲೇ ಬಿಟ್ಟು ನರ್ಸ್ ಗೊಂಬೆಯೊಡನೆ ಆಡುತ್ತಿದ್ದಾನೆ. 2021ರ ಮಾರ್ಚ್ 23ರಂದು ಕ್ರಿಸ್ಟೀಸ್ ಸಂಸ್ಥೆ ಅದನ್ನು ಆರೋಗ್ಯ ಸೇವೆಯ ನೆರವಿಗಾಗಿ ಹರಾಜು ಹಾಕಿದಾಗ ಅಂತಿಮ ಬಿಡ್ 1.44 ಕೋಟಿ ಪೌಂಡ್ ಆಗಿತ್ತು. ಶುಲ್ಕ ಸೇರಿ ಕೊಂಡವರು ಕೊಡಬೇಕಾದದ್ದು ಸುಮಾರು 1.68 ಕೋಟಿ ಪೌಂಡ್. ಆ ಮಟ್ಟದ ಮಾರಾಟದಲ್ಲಿ ಕೊಳ್ಳುವವರಿಗೆ ಇದು ಹೊಸದಲ್ಲ. ಆದರೆ ಮೊದಲ ಬಾರಿ ಬಿಡ್ ಮಾಡುತ್ತಿರುವವರಿಗೆ ಪಾವತಿಯ ಪುಟದಲ್ಲಿ ಹಠಾತ್ತನೆ ಶುಲ್ಕ, ತೆರಿಗೆ, ಸಾಗಣೆ ಎಂದು ಮೂರು ಸಾಲುಗಳು ಕಂಡರೆ ಮೋಸ ಹೋದ ಭಾವನೆ ಬರುತ್ತದೆ. ಚಿಕ್ಕ ಹರಾಜಿನಲ್ಲಿ ಕೊಳ್ಳುವವರ ಮೇಲೆ ಕಮಿಷನ್ ಹಾಕದಿರುವುದೇ ಉತ್ತಮ. ವೇದಿಕೆಯ ಶುಲ್ಕವನ್ನು ಪ್ರಾಯೋಜಕರೊಬ್ಬರು ಭರಿಸುವಂತೆ ಕೇಳಿಕೊಳ್ಳಬಹುದು. ಪ್ರಾಯೋಜಕರು ಔಷಧ ಅಥವಾ ವೈದ್ಯಕೀಯ ಉಪಕರಣ ತಯಾರಿಸುವ ಕಂಪನಿಯಾಗಿದ್ದು, ಪ್ರತಿಷ್ಠಾನ ಅವರದೇ ಉತ್ಪನ್ನವನ್ನು ಕೊಳ್ಳುವ ಸಾಧ್ಯತೆಯಿದ್ದರೆ, ಆ ಹಣವನ್ನು ಬಿಟ್ಟುಬಿಡುವ ಧೈರ್ಯ ಇರಬೇಕು.

ಬಿಡ್‌ನ ನಿಯಮಗಳು

ಬಿಡ್‌ನ ಏರಿಕೆಯನ್ನು ಆಗಿನ ಬೆಲೆಯ ಶೇಕಡಾ 5ರಿಂದ 10ರಷ್ಟು ಇಟ್ಟು, ಬೆಲೆ ಮೇಲೇರಿದಂತೆ ಏರಿಕೆಯ ಹಂತವನ್ನೂ ದೊಡ್ಡದು ಮಾಡಬೇಕು. ಗರಿಷ್ಠ ಬಿಡ್ ವ್ಯವಸ್ಥೆ ಇರುವ ವೇದಿಕೆಯನ್ನೇ ಆರಿಸಬೇಕು. ಅದರಲ್ಲಿ ಬಿಡ್‌ದಾರರು ತಾವು ಕೊಡಬಲ್ಲ ಗರಿಷ್ಠ ಮೊತ್ತವನ್ನು ಗುಟ್ಟಾಗಿ ನಮೂದಿಸುತ್ತಾರೆ, ಎದುರಾಳಿಯನ್ನು ಮೀರಿಸಲು ಬೇಕಾದಷ್ಟು ಮಾತ್ರ ವ್ಯವಸ್ಥೆ ಅವರ ಪರವಾಗಿ ಏರಿಸುತ್ತಾ ಹೋಗುತ್ತದೆ. ಒಬ್ಬರ ಗರಿಷ್ಠ ಮೊತ್ತ 180 ಎಂದಿಟ್ಟುಕೊಳ್ಳಿ. ಏರಿಕೆಯ ಹಂತ 10 ಇದ್ದು ಇನ್ನೊಬ್ಬರು ಬಂದು 150ಕ್ಕೆ ನಿಲ್ಲಿಸಿದರೆ ಮೊದಲಿನವರಿಗೆ ಕೃತಿ 160ಕ್ಕೆ ದಕ್ಕುತ್ತದೆ. ಇದನ್ನು ನಿಯಮಗಳ ಪುಟದಲ್ಲಿ ಹೀಗೆಯೇ ಉದಾಹರಣೆ ಕೊಟ್ಟು ವಿವರಿಸಬೇಕು. ಇಲ್ಲದಿದ್ದರೆ ತಾವು ಬಿಡ್ ಮಾಡಿದ ಮರುಕ್ಷಣವೇ ಮತ್ತೊಬ್ಬರು ಮುಂದಿರುವುದನ್ನು ಕಂಡವರಿಗೆ ಯಾರೋ ಕೈಯಾಡಿಸುತ್ತಿದ್ದಾರೆ ಎಂಬ ಅನುಮಾನ ಬರುವುದು ಸಹಜ.

ಮುಕ್ತಾಯದ ನಿಯಮ ಇದಕ್ಕಿಂತಲೂ ಮುಖ್ಯವಾದದ್ದು. ಗಡಿಯಾರ ಶೂನ್ಯಕ್ಕೆ ಬಂದೊಡನೆ ಮುಗಿಯುವ ಹರಾಜಿನಲ್ಲಿ ಅನುಭವಸ್ಥರು ಕೊನೆಯ ಕೆಲವು ಸೆಕೆಂಡುಗಳವರೆಗೆ ಕಾದು ಬಿಡ್ ಮಾಡುತ್ತಾರೆ. ಅರ್ಥಶಾಸ್ತ್ರಜ್ಞರಾದ ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕನ್‌ಫೆಲ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಕಾಲದ ಎರಡು ವೇದಿಕೆಗಳನ್ನು ಹೋಲಿಸಿದ್ದರು. ಈಬೇಯಲ್ಲಿ ಮುಕ್ತಾಯದ ಸಮಯ ಸ್ಥಿರವಾಗಿತ್ತು. ಅಮೆಜಾನಿನ ಹರಾಜುಗಳಲ್ಲಿ ಬಿಡ್ ಇಲ್ಲದೆ ಹತ್ತು ನಿಮಿಷ ಕಳೆಯುವವರೆಗೆ ಸಮಯ ತಾನಾಗಿ ವಿಸ್ತರಣೆಯಾಗುತ್ತಿತ್ತು. ಕೊನೆಯ ಗಳಿಗೆಯ ಬಿಡ್‌ಗಳು ಈಬೇಯಲ್ಲಿ ಬಹಳ ಹೆಚ್ಚಾಗಿ ಕಂಡುಬಂದವು. ಸಹಾಯಾರ್ಥ ಹರಾಜಿಗೆ ಎರಡನೆಯ ವಿಧಾನವೇ ಸೂಕ್ತವೆಂಬುದರಲ್ಲಿ ನನಗೆ ಸಂದೇಹವಿಲ್ಲ: ಕೊನೆಯ ಮೂರು ಅಥವಾ ಐದು ನಿಮಿಷಗಳಲ್ಲಿ ಬಿಡ್ ಬಂದರೆ ಆ ಕೃತಿಯ ಸಮಯ ಮತ್ತೆ ಅಷ್ಟೇ ನಿಮಿಷ ಮುಂದಕ್ಕೆ ಹೋಗಬೇಕು. ಇಂಟರ್‌ನೆಟ್ ವೇಗವಾಗಿರುವವರಿಗಿಂತ ಕೃತಿಯನ್ನು ಹೆಚ್ಚು ಬಯಸುವವರು ಗೆಲ್ಲುತ್ತಾರೆ, ಪ್ರತಿಷ್ಠಾನಕ್ಕೆ ಬರುವ ಹಣವೂ ಹೆಚ್ಚುತ್ತದೆ. ಎಲ್ಲ ಕೃತಿಗಳೂ ಒಂದೇ ಗಳಿಗೆಯಲ್ಲಿ ಮುಗಿಯದೆ, ಎರಡೆರಡು ನಿಮಿಷದ ಅಂತರದಲ್ಲಿ ಒಂದೊಂದಾಗಿ ಮುಗಿಯುವಂತೆ ಮಾಡಿದರೆ ಒಂದನ್ನು ಕಳೆದುಕೊಂಡವರು ಇನ್ನೊಂದಕ್ಕೆ ಪ್ರಯತ್ನಿಸಬಹುದು. ಮುಕ್ತಾಯದ ಸಮಯದ ಜೊತೆಗೆ ಯಾವ ದೇಶದ ಕಾಲಮಾನ ಎಂಬುದನ್ನೂ ಬರೆಯಬೇಕು.

ಯಾರು ಬಿಡ್ ಮಾಡುವಂತಿಲ್ಲ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಇತರರ ಗರಿಷ್ಠ ಮೊತ್ತವನ್ನು ನೋಡಬಲ್ಲ ಸಿಬ್ಬಂದಿ, ಅವರ ಮನೆಯವರು, ತಮ್ಮದೇ ಕೃತಿಯ ಮೇಲೆ ಕಲಾವಿದರು ಬಿಡ್ ಮಾಡಬಾರದು. ಬೆಲೆ ಏರಿಸಲೆಂದೇ ಸುಳ್ಳು ಬಿಡ್ ಹಾಕಿಸುವುದು ಒಳ್ಳೆಯ ಉದ್ದೇಶಕ್ಕಾದರೂ ವಂಚನೆಯೇ. ಹಲವು ದೇಶಗಳಲ್ಲಿ ಅದು ಶಿಕ್ಷಾರ್ಹ. ನೋಂದಣಿಯ ಸಮಯದಲ್ಲಿ ಮೊಬೈಲ್ ಸಂಖ್ಯೆ ಮತ್ತು ಪಾವತಿ ಕಾರ್ಡನ್ನು ಪರಿಶೀಲಿಸಿದರೆ ತಮಾಷೆಗೆ ಬಿಡ್ ಮಾಡುವವರು ಬಹುಮಟ್ಟಿಗೆ ದೂರ ಉಳಿಯುತ್ತಾರೆ. ಗೆದ್ದವರು ನಿಗದಿತ ದಿನಗಳೊಳಗೆ ಹಣ ಕಟ್ಟದಿದ್ದರೆ ಕೃತಿಯನ್ನು ಎರಡನೆಯ ಸ್ಥಾನದಲ್ಲಿದ್ದವರಿಗೆ ಅವರ ಕೊನೆಯ ಬಿಡ್‌ನ ಬೆಲೆಗೆ ಕೊಡಲಾಗುವುದೆಂಬ ನಿಯಮವೂ ಇರಲಿ.

ಬಿಡ್ ಮಾಡಲಾಗದವರಿಗಾಗಿ ಪ್ರತಿ ಪುಟದಲ್ಲೂ ನೇರ ದೇಣಿಗೆಯ ಗುಂಡಿಯೊಂದು ಇರಬೇಕು. ಒಂದು ಕೃತಿಯನ್ನು ಗೆಲ್ಲುವವರು ಒಬ್ಬರೇ. ಉಳಿದವರ ಉತ್ಸಾಹ ಆ ಹೊತ್ತಿಗೆ ಇನ್ನೂ ಆರಿರುವುದಿಲ್ಲ.

ಪ್ರಚಾರ

ಇಲ್ಲಿ ಹೇಳಬೇಕಾದದ್ದು ಹೆಚ್ಚಿಲ್ಲ. ಬಿಡ್ ಆರಂಭವಾಗುವ ಒಂದು ವಾರ ಮೊದಲೇ ಕ್ಯಾಟಲಾಗು ತೆರೆದಿರಬೇಕು, ಸಾಧ್ಯವಿದ್ದರೆ ಕೃತಿಗಳನ್ನು ಒಂದೆರಡು ದಿನ ನೇರವಾಗಿ ನೋಡುವ ಅವಕಾಶ ಕೊಡಬೇಕು, ದಿನಕ್ಕೊಂದು ಕೃತಿಯನ್ನು ಕಲಾವಿದರ ಮಾತಿನೊಂದಿಗೆ ಪರಿಚಯಿಸಬೇಕು. ಹೆಚ್ಚಿನ ಬಿಡ್‌ದಾರರು ಬರುವುದು ಕಲಾವಿದರ ಸ್ವಂತ ಬಳಗದಿಂದ ಮತ್ತು ಪ್ರತಿಷ್ಠಾನದ ಹಳೆಯ ದಾನಿಗಳಿಂದಲೇ ಹೊರತು ಹಣ ಕೊಟ್ಟು ಹಾಕಿಸಿದ ಜಾಹೀರಾತಿನಿಂದಲ್ಲ. 2008ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಸೋದೆಬೀಸ್ ಹರಾಜು ಸಂಸ್ಥೆಯಲ್ಲಿ ಆಫ್ರಿಕಾದ ಏಡ್ಸ್ ನಿಯಂತ್ರಣ ಕಾರ್ಯಕ್ರಮಗಳಿಗಾಗಿ ನಡೆದ ಹರಾಜು 4 ಕೋಟಿ ಡಾಲರಿಗೂ ಹೆಚ್ಚು ಸಂಗ್ರಹಿಸಿತು, ಆದರೆ ಅದರ ಹಿಂದೆ ಪ್ರಸಿದ್ಧ ಕಲಾವಿದ ಡೇಮಿಯನ್ ಹರ್ಸ್ಟ್ ಮತ್ತು ಗಾಯಕ ಬೋನೋ ಇದ್ದರು. ಅದನ್ನು ಮಾದರಿಯೆಂದು ಮುಂದಿಟ್ಟುಕೊಂಡು ಗುರಿ ನಿಗದಿಪಡಿಸಿದರೆ ನಿರಾಶೆ ಖಂಡಿತ.

ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು ಬೇಕು. ರೋಗಿಯ ಮುಖ, ಹೆಸರು, ಕಾಯಿಲೆಯ ವಿವರಗಳನ್ನು ಪ್ರಚಾರಕ್ಕೆ ಬಳಸುವುದಾದರೆ ಈ ಹರಾಜಿಗೆಂದೇ ಪಡೆದ ಲಿಖಿತ ಒಪ್ಪಿಗೆ ಬೇಕು. ಆಸ್ಪತ್ರೆಗೆ ದಾಖಲಾಗುವಾಗ ಹಾಕಿದ ಸಹಿ ಅದಕ್ಕೆ ಸಲ್ಲುವುದಿಲ್ಲ. ಒಪ್ಪಿಗೆ ಕೊಟ್ಟವರು ಮನಸ್ಸು ಬದಲಿಸಿದರೆ ಚಿತ್ರವನ್ನು ತಕ್ಷಣ ತೆಗೆಯುವ ವ್ಯವಸ್ಥೆಯೂ ಇರಬೇಕು.

ಪಾವತಿ, ಕಟ್ಟುವಿಕೆ, ಸಾಗಣೆ

ಗೆದ್ದವರಿಗೆ ಹರಾಜು ಮುಗಿದ ಒಂದು ಗಂಟೆಯೊಳಗೆ ಸಂದೇಶ ಹೋಗಬೇಕು, ಸೋತವರಿಗೂ ಧನ್ಯವಾದದ ಸಂದೇಶ ಹೋಗಬೇಕು. ಹಣ ಪೂರ್ತಿ ಬಂದು ಖಾತೆಯಲ್ಲಿ ದೃಢಪಟ್ಟ ಮೇಲಷ್ಟೇ ಕೃತಿಯನ್ನು ಕಳುಹಿಸಬೇಕು, ಪರಿಚಯಸ್ಥರಾದರೂ ಇದೇ ನಿಯಮ. ಅಪರಿಚಿತರೊಬ್ಬರು ಬೆಲೆಗಿಂತ ಹೆಚ್ಚಿನ ಮೊತ್ತ ಕಳುಹಿಸಿ, ಉಳಿದದ್ದನ್ನು ತಮ್ಮ ಸಾಗಣೆದಾರರಿಗೆ ವರ್ಗಾಯಿಸಿ ಎಂದು ಕೇಳಿದರೆ ಅದು ಕಲಾ ಮಾರಾಟಗಾರರೆಲ್ಲ ಬಲ್ಲ ಹಳೆಯ ವಂಚನೆ.

ಕಟ್ಟುವ ಕೆಲಸವನ್ನು ಸ್ವಯಂಸೇವಕರಿಗೆ ವಹಿಸುವುದಾದರೆ ಕೆಲವು ಸಂಗತಿಗಳನ್ನು ಅವರಿಗೆ ಮೊದಲೇ ತೋರಿಸಿಕೊಡಬೇಕು. ಗುಳ್ಳೆಗಳಿರುವ ಪ್ಲಾಸ್ಟಿಕ್ ಹೊದಿಕೆಯನ್ನು ನೇರವಾಗಿ ಬಣ್ಣದ ಮೇಲೆ ಸುತ್ತಿದರೆ ಗುಳ್ಳೆಗಳ ಗುರುತು ಬಣ್ಣದಲ್ಲಿ ಮೂಡುತ್ತದೆ, ವಿಶೇಷವಾಗಿ ಅಕ್ರಿಲಿಕ್ ಬಣ್ಣದಲ್ಲಿ. ಮೊದಲು ಗ್ಲಾಸೀನ್ ಎಂಬ ನುಣುಪಾದ ತೆಳು ಕಾಗದ ಅಥವಾ ಆಮ್ಲರಹಿತ ತೆಳುಕಾಗದ, ಅದರ ಮೇಲೆ ಗುಳ್ಳೆ ಹೊದಿಕೆ. ಚೌಕಟ್ಟಿನ ಗಾಜಿನ ಮೇಲೆ ಕಡಿಮೆ ಅಂಟಿನ ಟೇಪನ್ನು ಅಡ್ಡಡ್ಡ ಹಚ್ಚಿದರೆ ಒಡೆದರೂ ಚೂರುಗಳು ಚಿತ್ರವನ್ನು ಹರಿಯುವುದಿಲ್ಲ. ಗಾಜಿನ ಬದಲು ಅಕ್ರಿಲಿಕ್ ಹಾಳೆ ಹಾಕಿಸುವುದು ಸುರಕ್ಷಿತ, ಆದರೆ ಪೇಸ್ಟಲ್ ಮತ್ತು ಇದ್ದಿಲಿನ ಚಿತ್ರಗಳಿಗೆ ಅದು ಸಲ್ಲದು, ಏಕೆಂದರೆ ಅಕ್ರಿಲಿಕ್‌ನಲ್ಲಿ ಉಂಟಾಗುವ ಸ್ಥಾಯೀ ವಿದ್ಯುತ್ತು ಬಣ್ಣದ ಪುಡಿಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಕ್ಯಾನ್ವಾಸನ್ನು ಸುರುಳಿ ಸುತ್ತಲೇಬೇಕಾದರೆ ಬಣ್ಣದ ಮುಖ ಹೊರಗಿರುವಂತೆ, ಸಾಧ್ಯವಾದಷ್ಟು ಅಗಲವಾದ ಕೊಳವೆಯ ಮೇಲೆ ಸುತ್ತಬೇಕು. ಒಳಮುಖವಾಗಿ ಸುತ್ತಿದರೆ ಬಣ್ಣ ಒತ್ತಡಕ್ಕೆ ಸಿಕ್ಕಿ ಮಡಿಕೆ ಬಿದ್ದು ಉದುರಬಹುದು. ದಪ್ಪ ಬಣ್ಣದ ಚಿತ್ರಗಳನ್ನು ಸುತ್ತಲೇಬಾರದು. ಕಟ್ಟುವ ಪ್ರತಿ ಹಂತದ ಛಾಯಾಚಿತ್ರ ತೆಗೆದಿಟ್ಟುಕೊಂಡರೆ ವಿಮೆಯ ಹಣ ಕೇಳುವ ಸಂದರ್ಭದಲ್ಲಿ ಅದೇ ಸಾಕ್ಷಿ.

ವಿದೇಶಕ್ಕೆ ಕಳುಹಿಸುವ ಕೃತಿಗಳಲ್ಲಿ ಆಮದು ಸುಂಕ ಯಾರದೆಂಬುದು ನಿಯಮಗಳಲ್ಲಿರಬೇಕು. ಸುಂಕ ಉಳಿಸಲು ಕೊಟ್ಟ ಬೆಲೆಗಿಂತ ಕಡಿಮೆ ನಮೂದಿಸಿ ಎಂದು ಕೊಂಡವರು ಕೇಳಿದರೆ ಒಪ್ಪಕೂಡದು. ಅದು ಸುಳ್ಳು ಘೋಷಣೆ. ಮೇಲಾಗಿ ದಾರಿಯಲ್ಲಿ ಕೃತಿ ಹಾಳಾದರೆ ವಿಮೆಯೂ ಆ ಕಡಿಮೆ ಮೊತ್ತಕ್ಕೇ ನಿಲ್ಲುತ್ತದೆ.

ಲೆಕ್ಕ

ಮೂರು ಕಾಲಮ್ಮುಗಳ ಲೆಕ್ಕವನ್ನು ಹರಾಜು ಮುಗಿದ ಒಂದೂವರೆ ಎರಡು ತಿಂಗಳೊಳಗೆ ಕಲಾವಿದರಿಗೂ ಬಿಡ್‌ದಾರರಿಗೂ ಕಳುಹಿಸಬೇಕು: ಒಟ್ಟು ಬಂದ ಹಣ, ಕಲಾವಿದರ ಪಾಲೂ ಸೇರಿ ಆದ ವೆಚ್ಚ, ಪ್ರತಿಷ್ಠಾನಕ್ಕೆ ನಿಜವಾಗಿ ಸೇರಿದ ಮೊತ್ತ. ಒಟ್ಟು ಸಂಗ್ರಹದ ದೊಡ್ಡ ಅಂಕಿಯನ್ನು ಮಾತ್ರ ಪ್ರಕಟಿಸಿ ವೆಚ್ಚವನ್ನು ಬಿಟ್ಟುಬಿಡುವ ಅಭ್ಯಾಸ ಸಾಕಷ್ಟು ಕಡೆ ಇದೆ, ಅದನ್ನು ಅನುಸರಿಸಬೇಕಾಗಿಲ್ಲ. ಕಲಾವಿದರ ಪಾಲನ್ನು ಈ ಲೆಕ್ಕ ಹೊರಬೀಳುವ ಮುನ್ನವೇ ಪಾವತಿಸಿರಬೇಕು. ವೆಂಟಿಲೇಟರೋ ವಿದ್ಯಾರ್ಥಿವೇತನವೋ, ಆ ಹಣ ಯಾವುದಾಗಿ ಮಾರ್ಪಟ್ಟಿತೆಂಬ ಮಾಹಿತಿಯು ಆರು ತಿಂಗಳ ನಂತರ ಇನ್ನೊಂದು ಪತ್ರದಲ್ಲಿ, ಹೊಸ ಕೋರಿಕೆಯೇನೂ ಇಲ್ಲದೆ, ಅದೇ ಜನರಿಗೆ ಹೋಗಬೇಕು.

ಮಾರಾಟವಾಗದೆ ಉಳಿದ ಕೃತಿಗಳನ್ನು ಕಲಾವಿದರನ್ನು ಕೇಳದೆ ಬೇರೆ ಕಡೆ ಮಾರುವುದಾಗಲಿ, ಕಚೇರಿಯ ಗೋಡೆಗೆ ತೂಗುಹಾಕುವುದಾಗಲಿ ಸಲ್ಲದು. ಒಪ್ಪಂದದಲ್ಲಿ ಬರೆದ ದಿನಾಂಕದೊಳಗೆ, ಬಂದಾಗ ಇದ್ದ ಸ್ಥಿತಿಯ ವಿವರದೊಂದಿಗೆ ಹೋಲಿಸಿ ನೋಡಿ, ಬಂದಾಗ ಕಟ್ಟಿದ್ದಷ್ಟೇ ಜೋಪಾನವಾಗಿ ಕಟ್ಟಿ, ಅವರ ವಿಳಾಸಕ್ಕೆ ತಲುಪಿಸಿ ಸಹಿ ಪಡೆದುಕೊಳ್ಳಬೇಕು.